ಕೋಳಿಗೂ ಮುಂಚೆ ಕೂಗುವ ಬೀದಿ

ಬೆಳಗಿನ ಜಾವ ನಾಲ್ಕೂವರೆ ರಾತ್ರಿಯೋ ಹಗಲೋ? ಮಂಡ್ಯ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಹಾಲು ಕರೆದು ಡೇರಿಗೆ ಹಾಕಬೇಕಾದವರಿಗೆ ಅದು ಆಗಲೇ ತಡವಾದ ಹೊತ್ತು. ಕಬ್ಬು ಕಡಿಯಲು ಹೊರಟವರಿಗೆ, ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ತುಂಬಿಕೊಂಡು ಹೋಗುವವರಿಗೆ, ಬೆಂಗಳೂರಿನ ಕೆಲಸಕ್ಕೆ ಮೊದಲ ರೈಲು ಹಿಡಿಯಬೇಕಾದವರಿಗೆ ಅದು ದಿನದ ಮೊದಲ ಗಳಿಗೆ. ರಾತ್ರಿ ಪಾಳಿ ಮುಗಿಸಿ ಆಗತಾನೆ ಮಲಗಿದವರಿಗೆ, ಪರೀಕ್ಷೆಗೆ ಓದಿ ಒಂದು ಗಂಟೆಗೆ ದೀಪ ಆರಿಸಿದ ಹುಡುಗಿಗೆ, ಮಂಡಿನೋವಿನಲ್ಲಿ ಹೊರಳಾಡಿ ಈಗಷ್ಟೇ ಕಣ್ಣು ಹತ್ತಿದ ಅಜ್ಜಿಗೆ ಅದು ನಡುರಾತ್ರಿ. ಇವರೆಲ್ಲರ ಮನೆಗಳೂ ಒಂದೇ ಬೀದಿಯಲ್ಲಿವೆ. ಜಗಳ ಹುಟ್ಟುವುದು ಇಲ್ಲಿಯೇ.

"ಲೇ, ಎದ್ದೇನ್ಲಾ?" ಎಂದು ಬೀದಿಯಿಂದಲೇ ಒಬ್ಬ ಕೂಗುತ್ತಾನೆ. "ಬಂದೆ ಕಣಣ್ಣ" ಎಂದು ಮಹಡಿಯಿಂದ ಇನ್ನೊಬ್ಬ ಓಗೊಡುತ್ತಾನೆ. ಇಬ್ಬರ ನಡುವೆ ನಾಲ್ಕು ಮನೆಗಳಲ್ಲಿ ನಿದ್ದೆ ಕೆಡುತ್ತದೆ. ಮಂಡ್ಯದ ವಿದ್ಯಾನಗರ, ಸುಭಾಷ್ ನಗರ, ಅಶೋಕನಗರದಂಥ ಬಡಾವಣೆಗಳಲ್ಲಿ ವಾಕಿಂಗ್ ಹೊರಟವರ ಗುಂಪುಗಳದ್ದು ಬೇರೆಯೇ ಲೋಕ. ನಾಲ್ಕು ಜನ ರಸ್ತೆಯ ಅಗಲಕ್ಕೂ ಹರಡಿಕೊಂಡು ಚುನಾವಣೆ, ಸಕ್ಕರೆ ಕಾಯಿಲೆ, ಸೊಸೆ, ಕಾವೇರಿ ನೀರು ಎಲ್ಲವನ್ನೂ ಒಂದೇ ಸ್ವರದಲ್ಲಿ ಚರ್ಚಿಸುತ್ತ ಸಾಗುತ್ತಾರೆ. ಒಬ್ಬರ ಜೇಬಿನ ಮೊಬೈಲಿನಲ್ಲಿ ಸುಪ್ರಭಾತ, ಇನ್ನೊಬ್ಬರದರಲ್ಲಿ ಹಳೆಯ ಸಿನಿಮಾ ಹಾಡು. ಇವರನ್ನು ಕಂಡು ಬೀದಿನಾಯಿ ಬೊಗಳುತ್ತದೆ, ನಾಯಿಯನ್ನು ಗದರಲು ಇವರು ಇನ್ನೂ ಜೋರಾಗಿ ಕೂಗುತ್ತಾರೆ. ಇದರ ಹಿಂದೆಯೇ ನಂದಿನಿ ಹಾಲಿನ ವ್ಯಾನು ಪ್ಲಾಸ್ಟಿಕ್ ಕ್ರೇಟುಗಳನ್ನು ಧಡಾರನೆ ಇಳಿಸುತ್ತದೆ. ನಲ್ಲಿಯಲ್ಲಿ ನೀರು ಬಂದರೆ "ನೀರು ಬಿಟ್ಟವ್ರೆ ಕಣಕ್ಕಾ" ಎಂಬ ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಮುಟ್ಟುತ್ತದೆ. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಕರೆದೊಯ್ಯುವ ವ್ಯಾನುಗಳು ಊರಬಾಗಿಲಲ್ಲಿ ಹಾರ್ನ್ ಒತ್ತಿ ನಿಲ್ಲುತ್ತವೆ. ಬರಬೇಕಾದವಳು ಒಬ್ಬಳಾದರೂ ಏಳುವುದು ಇಡೀ ಕೇರಿ.

ಇದೆಲ್ಲ ಹೊಸ ಕಾಲದ ಪಿಡುಗು, ಹಿಂದೆ ಹಳ್ಳಿಗಳು ಪ್ರಶಾಂತವಾಗಿದ್ದವು ಎಂದು ಹೇಳುವವರು ಉಂಟು. ಅವರು ಬುಡಬುಡಿಕೆಯವರನ್ನು ಮರೆತಿರಬೇಕು.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಬೆಳಕು ಹರಿಯುವ ಮುಂಚೆಯೇ ಬೀದಿಗೆ ಇಳಿಯುತ್ತಿದ್ದವನು ಬುಡಬುಡಿಕೆಯವನು. ತಲೆಗೆ ಪೇಟ, ಮೈಮೇಲೆ ಬಣ್ಣಬಣ್ಣದ ತೇಪೆಯ ನಿಲುವಂಗಿ, ಕೈಯಲ್ಲಿ ಪುಟ್ಟ ವಾದ್ಯ. ರಾತ್ರಿ ಸ್ಮಶಾನಕ್ಕೆ ಹೋಗಿ ಹಾಲಕ್ಕಿಯ ನುಡಿ ಕೇಳಿ ಬಂದಿದ್ದಾನೆ ಎಂದು ಊರು ನಂಬುತ್ತಿತ್ತು. ಮನೆಯ ಮುಂದೆ ನಿಂತು, ಒಳಗಿನವರು ಮಲಗಿರುವಾಗಲೇ, ಈ ಮನೆಗೆ ಏನಾಗಲಿದೆ ಎಂದು ಗಟ್ಟಿಯಾಗಿ ನುಡಿದು ಮುಂದೆ ಹೋಗುತ್ತಿದ್ದ. ಮಕ್ಕಳು ಹೆದರಿ ತಾಯಂದಿರನ್ನು ತಬ್ಬಿಕೊಳ್ಳುತ್ತಿದ್ದವು. ಯಾರೂ ಎದ್ದುಬಂದು "ಯಾಕಪ್ಪಾ ಕೂಗ್ತೀಯೆ" ಎಂದು ಗದರುತ್ತಿರಲಿಲ್ಲ, ಗದರಿದರೆ ಭವಿಷ್ಯ ಕೆಟ್ಟೀತು ಎಂಬ ಅಂಜಿಕೆ. ಹೊತ್ತೇರಿದ ಮೇಲೆ ಅವನೇ ಮತ್ತೆ ಬಂದು ಅದೇ ಬಾಗಿಲಲ್ಲಿ ನಿಂತು ರಾಗಿಯನ್ನೋ ಹಳೆ ಬಟ್ಟೆಯನ್ನೋ ಕೇಳಿ ಪಡೆಯುತ್ತಿದ್ದ. ನಿದ್ದೆ ಕೆಡಿಸಿದವನು ಹಗಲು ಬೆಳಕಿನಲ್ಲಿ ಮುಖ ತೋರಿಸಬೇಕಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಇಂದಿನ ವಾಕಿಂಗ್ ಗುಂಪಿಗೆ ಆ ಹಂಗಿಲ್ಲ.

ಬುಡಬುಡಿಕೆಯವನೊಬ್ಬನೇ ಅಲ್ಲ. ಶಂಖ, ಜಾಗಟೆ ಹಿಡಿದ ದಾಸಯ್ಯ ಬರುತ್ತಿದ್ದ. ಧನುರ್ಮಾಸದಲ್ಲಿ ಭಜನೆಯ ತಂಡ ತಾಳ ಕುಟ್ಟುತ್ತ ಬೀದಿ ಸುತ್ತುತ್ತಿತ್ತು, ಕೆಲವೆಡೆ ಈಗಲೂ ಸುತ್ತುತ್ತದೆ. ರಂಜಾನ್ ತಿಂಗಳಲ್ಲಿ ಮುಸ್ಲಿಮರ ಬೀದಿಗಳಲ್ಲಿ ಸೆಹ್ರಿಗೆ ಎಬ್ಬಿಸುತ್ತ ಹೋಗುವವರ ದನಿ. ಇವೆಲ್ಲ ಇಂಥ ತಿಂಗಳು, ಇಂಥ ಹೊತ್ತು ಎಂದು ಗೊತ್ತಿದ್ದ ಸದ್ದುಗಳು.

ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಇದೇ ಹೊತ್ತಿಗೆ ಇನ್ನೊಂದು ಸದ್ದು ಸೇರಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದದ್ದು ಎಲ್ಲರಿಗೂ ಗೊತ್ತು. ಆ ವರ್ಷಗಳ ಚಳವಳಿಗಾರರಿಗೆ ಪ್ರಭಾತಫೇರಿ ಒಂದು ಮುಖ್ಯ ಸಾಧನವಾಗಿತ್ತು. ನಸುಕಿನಲ್ಲಿ ಗುಂಪಾಗಿ ದೇಶಭಕ್ತಿ ಗೀತೆ ಹಾಡುತ್ತ ಮನೆಮನೆಗಳ ಮುಂದೆ ಹಾಯುವುದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಊರು ಮೌನವಾಗಿರುವಾಗ ಹತ್ತು ಜನರ ಕೊರಳು ನೂರು ಮನೆಗೆ ಮುಟ್ಟುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಜನರನ್ನು ಎಬ್ಬಿಸುವುದೇ ಅದರ ಉದ್ದೇಶ, ಎರಡೂ ಅರ್ಥದಲ್ಲಿ.

ಮಳವಳ್ಳಿಯ ಕಥೆ ಇನ್ನೂ ಸ್ವಾರಸ್ಯದ್ದು. ಶಿವರಾತ್ರಿಗೆಂದು ಮಂಡ್ಯದ ಕಡೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಮಳವಳ್ಳಿ ದಾಟಿ, ಕೊಳ್ಳೇಗಾಲ, ಹನೂರು, ಕೌದಳ್ಳಿ ಹಾದು ತಾಳಬೆಟ್ಟ ಸೇರುತ್ತಾರೆ. ಶಿವರಾತ್ರಿಯ ಹೊತ್ತಿಗೆ ಬಿಸಿಲು ಏರತೊಡಗಿರುತ್ತದೆ, ಹಾಗಾಗಿ ರಾತ್ರಿಯಲ್ಲೂ ಬೆಳಗಿನ ಜಾವದಲ್ಲೂ ನಡೆಯುವವರೇ ಹೆಚ್ಚು. "ಉಘೇ ಮಾದಪ್ಪ" ಎಂಬ ಕೂಗು ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ದಾಟುತ್ತ ಹೋಗುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ನೋಡಿದರೆ ಯಾವ ವಾಕಿಂಗ್ ಗುಂಪೂ ಇವರ ಹತ್ತಿರಕ್ಕೆ ಬರಲಾರದು. ಆದರೆ ದಾರಿಯ ಊರಿನವರು ಇವರ ಮೇಲೆ ದೂರು ಹೇಳುವುದಿಲ್ಲ, ಎದ್ದು ಮಜ್ಜಿಗೆ, ಪಾನಕ ಕೊಡುತ್ತಾರೆ. ಸದ್ದು ಎಷ್ಟು ಜೋರು ಎನ್ನುವುದಕ್ಕಿಂತ ಅದು ಯಾರದು, ಯಾತಕ್ಕೆ, ಎಷ್ಟು ದಿನ ಎನ್ನುವುದೇ ಸಿಟ್ಟನ್ನು ನಿರ್ಧರಿಸುತ್ತದೆ. ವರ್ಷಕ್ಕೆ ನಾಲ್ಕು ದಿನದ ಮಾದಪ್ಪನ ಕೂಗನ್ನು ತಡೆದುಕೊಳ್ಳುವ ಮನೆಯೇ ವರ್ಷವಿಡೀ ಕಿಟಕಿಯ ಕೆಳಗೆ ನಡೆಯುವ ಷೇರು ಮಾರುಕಟ್ಟೆಯ ಚರ್ಚೆಗೆ ಹಲ್ಲು ಕಡಿಯುತ್ತದೆ.

ಜಗತ್ತಿನ ಬೇರೆಡೆಗಳಲ್ಲೂ ಈ ತಕರಾರು ಹಳೆಯದೇ. ಜೂಲಿಯಸ್ ಸೀಸರನ ಕಾಲದ ಕಾನೂನು ರೋಮ್ ನಗರದಲ್ಲಿ ಹಗಲು ಹೊತ್ತು ಗಾಡಿಗಳ ಓಡಾಟವನ್ನು ನಿರ್ಬಂಧಿಸಿತು. ಗಾಡಿಗಳೆಲ್ಲ ರಾತ್ರಿಗೆ ಬಿದ್ದವು. ರೋಮಿನಲ್ಲಿ ರೋಗಿಗಳು ಸಾಯುವುದೇ ನಿದ್ದೆಗೆಟ್ಟು ಎಂದು ಮುಂದೆ ಜುವೆನಲ್ ಕವಿ ಗೊಣಗಿದ. ಇತ್ತ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ ಅಲಾರಾಂ ಗಡಿಯಾರ ಕೈಗೆಟುಕದ ದಿನಗಳಲ್ಲಿ ಕಾರ್ಮಿಕರೇ ಕಾಸು ಕೊಟ್ಟು ಎಬ್ಬಿಸುವವರನ್ನು ಗೊತ್ತುಮಾಡಿಕೊಂಡಿದ್ದರು. ಅವರು ಉದ್ದನೆಯ ಕೋಲಿನಿಂದ ಮಹಡಿಯ ಕಿಟಕಿ ತಟ್ಟುತ್ತಿದ್ದರು. ಕೂಗಿದರೆ ಕಾಸು ಕೊಡದ ಪಕ್ಕದ ಮನೆಯವನೂ ಪುಕ್ಕಟೆಯಾಗಿ ಎದ್ದುಬಿಡುತ್ತಾನಲ್ಲ!

ಬೆಳಗಿನ ಜಾವದ ಮಾತು ಅಷ್ಟು ದೂರ ಕೇಳಿಸುವುದು ಬರೀ ಭ್ರಮೆಯಲ್ಲ, ಅದಕ್ಕೆ ಭೌತಶಾಸ್ತ್ರದ ಕಾರಣವಿದೆ. ಹಗಲು ನೆಲ ಕಾಯುತ್ತದೆ, ನೆಲದ ಹತ್ತಿರದ ಗಾಳಿ ಬಿಸಿಯಾಗಿ ಮೇಲಿನದು ತಣ್ಣಗಿರುತ್ತದೆ. ಆಗ ಶಬ್ದದ ಅಲೆಗಳು ಮೇಲಕ್ಕೆ ಬಾಗಿ ಚದುರಿಹೋಗುತ್ತವೆ. ರಾತ್ರಿಯಿಡೀ ನೆಲ ತಣಿದು ಬೆಳಗಿನ ಜಾವಕ್ಕೆ ಈ ಸ್ಥಿತಿ ತಿರುವುಮುರುವಾಗುತ್ತದೆ. ಕೆಳಗೆ ತಂಪು, ಮೇಲೆ ಬೆಚ್ಚನೆ. ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲದ ಕಡೆಗೇ ಬರುತ್ತದೆ. ಗಾಳಿ ಬೀಸದ, ಆಕಾಶ ತಿಳಿಯಾಗಿರುವ ಚಳಿಗಾಲದ ರಾತ್ರಿಗಳಲ್ಲಿ ಇದು ಇನ್ನೂ ಹೆಚ್ಚು. ಧನುರ್ಮಾಸದ ಭಜನೆ, ಅಯ್ಯಪ್ಪ ಭಕ್ತರ ಶರಣು, ಸೊಂಟಕ್ಕೆ ಸ್ವೆಟರ್ ಕಟ್ಟಿಕೊಂಡು ಹೊಸದಾಗಿ ವಾಕಿಂಗ್ ಶುರುಮಾಡಿದವರ ಉತ್ಸಾಹ ಎಲ್ಲವೂ ಬೀದಿಗಿಳಿಯುವುದು ಸರಿಯಾಗಿ ಆ ತಿಂಗಳುಗಳಲ್ಲೇ. ಜೊತೆಗೆ ಹಿನ್ನೆಲೆಯ ಗದ್ದಲವೂ ಇರುವುದಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಮಂಡ್ಯ ಪೇಟೆಯನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆ. ದೂರ ಊರಿನ ಲಾರಿಗಳ ಮೊರೆತ ಆಚೆಗೆ ಸರಿದಷ್ಟೂ ಮನುಷ್ಯರ ಮಾತು ಸ್ಪಷ್ಟವಾಗಿ ಕಿವಿಗೆ ಬೀಳುವುದು ಸಹಜ.

ಲೆಕ್ಕ ಹಾಕಿ ನೋಡಬಹುದು. ಸಾಮಾನ್ಯ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ದನಿ ಏರಿಸಿದರೆ 70 ದಾಟುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಂದರೆ ರಸ್ತೆಯಲ್ಲಿ 72 ಡೆಸಿಬೆಲ್‌ನಲ್ಲಿ ಮಾತಾಡಿದರೆ ನಾಲ್ಕು ಮೀಟರ್ ಆಚೆಯ ಕಿಟಕಿಗೆ 60 ಮುಟ್ಟುತ್ತದೆ. ತೆರೆದ ಕಿಟಕಿ ತಡೆಯುವುದು 15ರಷ್ಟನ್ನು ಮಾತ್ರ. ಹಾಸಿಗೆಯ ಬಳಿ ಉಳಿಯುವುದು 45. ಮಲಗುವ ಕೋಣೆಯಲ್ಲಿ ಇದ್ದಕ್ಕಿದ್ದಂತೆ ಬರುವ ಒಂದೊಂದು ಸದ್ದೂ 45 ಡೆಸಿಬೆಲ್ ಮೀರಬಾರದು, ಒಟ್ಟಾರೆ ಸದ್ದು 30ರ ಒಳಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. ಬೀದಿಯಲ್ಲಿ ನಿಂತು ನಗುವ ಇಬ್ಬರು ಗೆಳೆಯರು ಯಾವ ಯಂತ್ರದ ನೆರವೂ ಇಲ್ಲದೆ ಆ ಗೆರೆ ಮುಟ್ಟಬಲ್ಲರು. ಹಳೆಯ ತೊಟ್ಟಿಮನೆಯಲ್ಲಿ ಜಗಲಿ, ಪಡಸಾಲೆ ದಾಟಿದ ಮೇಲೆ ಮಲಗುವ ಜಾಗ ಸಿಗುತ್ತಿತ್ತು. ಮೂವತ್ತು–ನಲವತ್ತರ ನಿವೇಶನದ ಮನೆಯಲ್ಲಿ ಮಲಗುವ ಕೋಣೆಯ ಕಿಟಕಿಯೇ ರಸ್ತೆಗೆ ತೆರೆದಿರುತ್ತದೆ.

ನಿದ್ದೆಯ ಸ್ವಭಾವವೂ ಸದ್ದಿಗೇ ಅನುಕೂಲ. ಗಾಢ ನಿದ್ದೆಯ ಪಾಲು ರಾತ್ರಿಯ ಮೊದಲರ್ಧದಲ್ಲಿ ಹೆಚ್ಚು. ಜಾವದ ಹೊತ್ತಿಗೆ ಕನಸಿನ ನಿದ್ದೆ, ಹಗುರ ನಿದ್ದೆ ಉಳಿದಿರುತ್ತವೆ. ಹನ್ನೊಂದು ಗಂಟೆಗೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಮಿಸುಕದವನು ಐದು ಗಂಟೆಗೆ ಚಪ್ಪಲಿ ಸದ್ದಿಗೆ ಏಳಬಹುದು. ಎದ್ದವನಿಗೆ ಮತ್ತೆ ನಿದ್ದೆ ಹತ್ತುವುದು ಕಷ್ಟ, ಏಕೆಂದರೆ ಅಷ್ಟು ಹೊತ್ತಿಗೆ ದೇಹದ ಆಯಾಸ ಬಹುಪಾಲು ಕಳೆದಿರುತ್ತದೆ.

ಕಾನೂನು ಏನನ್ನುತ್ತದೆ? 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ರಾತ್ರಿ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರ್‌ವರೆಗೆ ಘೋಷಿಸುವ ನಿಶ್ಶಬ್ದ ವಲಯದಲ್ಲಿ 50 ಮತ್ತು 40. 2010ರ ತಿದ್ದುಪಡಿಯಂತೆ, ತುರ್ತು ಸಂದರ್ಭ ಬಿಟ್ಟರೆ, ವಾಸದ ಪ್ರದೇಶದಲ್ಲಿ ರಾತ್ರಿ ಹಾರ್ನ್ ಒತ್ತುವಂತೆಯೇ ಇಲ್ಲ. ಧ್ವನಿವರ್ಧಕವಷ್ಟೇ ಅಲ್ಲ, ಬಯಲಿನಲ್ಲಿ ವಾದ್ಯ ನುಡಿಸುವುದೂ ಆ ಹೊತ್ತಿನಲ್ಲಿ ನಿಷಿದ್ಧ. ಕಟ್ಟುನಿಟ್ಟಾಗಿ ನೋಡಿದರೆ ಬುಡಬುಡಿಕೆಯವನೂ ತಪ್ಪಿತಸ್ಥನೇ! ಸೈಲೆನ್ಸರ್ ಬದಲಿಸಿ ಬೈಕ್ ಗುಡುಗಿಸುವ ಹುಡುಗರಿಗೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ವಿಧಿಸಲು ಅವಕಾಶವಿದೆ.

ಈ ನಿಯಮಗಳಿಗೆ ಬಲ ಕೊಟ್ಟದ್ದು ಸುಪ್ರೀಂ ಕೋರ್ಟಿನ 2005ರ ಜುಲೈ 18ರ ತೀರ್ಪು. ಅದರ ಹಿನ್ನೆಲೆ ಕರುಣಾಜನಕ. ಹದಿಮೂರು ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆದಾಗ, ನೆರೆಯ ಧ್ವನಿವರ್ಧಕದ ಅಬ್ಬರದಲ್ಲಿ ಅವಳ ಕೂಗು ಯಾರಿಗೂ ಕೇಳಿಸಲಿಲ್ಲ ಎಂಬ 1998ರ ಜನವರಿಯ ಪತ್ರಿಕಾ ವರದಿಯಿಂದ ಕಲಕಿದ ಎಂಜಿನಿಯರ್ ಒಬ್ಬರು ನ್ಯಾಯಾಲಯದ ಮೊರೆ ಹೋಗಿದ್ದರು. ಕರ್ನಾಟಕದಲ್ಲಿ ಈ ನಿಯಮಗಳು ಮನೆಮಾತಾದದ್ದು 2022ರಲ್ಲಿ. ಪ್ರಾರ್ಥನಾ ಸ್ಥಳಗಳ ಧ್ವನಿವರ್ಧಕದ ವಿವಾದ ಕಾವು ಪಡೆದು, ಮೇ 10ರಂದು ರಾಜ್ಯ ಸರ್ಕಾರ, ಅನುಮತಿಯಿಲ್ಲದೆ ಯಾರೂ ಧ್ವನಿವರ್ಧಕ ಬಳಸಬಾರದೆಂದು ಆದೇಶ ಹೊರಡಿಸಿತು.

ಆದರೆ ಇವೆಲ್ಲ ಯಂತ್ರಕ್ಕೆ, ವಾದ್ಯಕ್ಕೆ, ವಾಹನಕ್ಕೆ ಹಾಕಿದ ಕಡಿವಾಣಗಳು. ಬರಿಗೊರಳಿನಲ್ಲಿ ಮಾತಾಡುತ್ತ ನಡೆದುಹೋಗುವವರನ್ನು ಏನು ಮಾಡುವುದು? ಸಾರ್ವಜನಿಕ ಉಪದ್ರವ ಎಂದು ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಮಿನಡಿ ಒಂದು ಸಾವಿರ ರೂಪಾಯಿವರೆಗೆ ದಂಡ ಹಾಕಬಹುದು. ಮಿತಿಗಿಂತ 10 ಡೆಸಿಬೆಲ್ ಹೆಚ್ಚಾದರೆ ಜಿಲ್ಲಾಧಿಕಾರಿಗೋ ಡಿವೈಎಸ್ಪಿಗೋ ದೂರು ಕೊಡಬಹುದು. ಡಿವೈಎಸ್ಪಿ ಕಚೇರಿ ಮಳವಳ್ಳಿಯಲ್ಲೂ ಇದೆ. 112ಕ್ಕೆ ಕರೆ ಮಾಡಬಹುದು. ಕರೆ ಹೋಗಿ ಪೊಲೀಸರು ಬರುವ ಹೊತ್ತಿಗೆ ಮಾತಾಡುತ್ತಿದ್ದವರು ಮೂರು ಬೀದಿ ದಾಟಿ ಟೀ ಅಂಗಡಿಯಲ್ಲಿ ಕೂತಿರುತ್ತಾರೆ. ಹೋಗಲಿ ಎಂದರೆ, ಅವರಲ್ಲಿ ಒಬ್ಬರು ದೂರು ಕೊಟ್ಟವರ ಭಾವನೆಂಟರೋ, ಮಗಳ ಗಣಿತದ ಮೇಷ್ಟ್ರೋ ಆಗಿರುವ ಸಂಭವ ಸಣ್ಣ ಊರಿನಲ್ಲಿ ಯಾವಾಗಲೂ ಇದ್ದದ್ದೇ. ಹಾಗಾಗಿ ದೂರು ಬರೆಯುವುದಕ್ಕಿಂತ ಸಂಜೆ ಎದುರಿಗೆ ಸಿಕ್ಕಾಗ "ಅಣ್ಣಾ, ಮನೇಲಿ ಮಗು ಮಲಗಿರ್ತದೆ, ನಮ್ಮ ಬೀದೀಲಿ ಸ್ವಲ್ಪ ಮೆಲ್ಲಗೆ" ಎಂದುಬಿಡುವುದೇ ಹೆಚ್ಚು ಫಲ ಕೊಡುವ ದಾರಿ. ಬಹುತೇಕರಿಗೆ ತಮ್ಮ ದನಿ ಒಳಗೆ ಕೇಳಿಸುತ್ತದೆ ಎಂಬುದೇ ಗೊತ್ತಿರುವುದಿಲ್ಲ. ಗಾರ್ಮೆಂಟ್ಸ್ ವ್ಯಾನಿನ ಹಾರ್ನಿಗೆ ಒಂದು ಮಿಸ್ಡ್ ಕಾಲ್ ಸಾಕು, ಎಲ್ಲರ ಕೈಯಲ್ಲೂ ಫೋನಿದೆ. ಹಾಲಿನ ಕ್ರೇಟಿನ ಕೆಳಗೆ ಒಂದು ಗೋಣಿಚೀಲ ಹಾಸಿದರೆ ಧಡಾರೆನ್ನುವುದು ಅರ್ಧ ಇಳಿಯುತ್ತದೆ.

ಇನ್ನೊಂದು ತೊಡಕು ಗಡಿಯಾರದ್ದು. ಕಾನೂನಿನ ರಾತ್ರಿ ವರ್ಷವಿಡೀ ಆರಕ್ಕೇ ಮುಗಿಯುತ್ತದೆ, ಸೂರ್ಯನದು ಹಾಗಲ್ಲ. ಜೂನ್ ಮೊದಲ ವಾರ ಮಂಡ್ಯದಲ್ಲಿ ಆರಕ್ಕೆ ಮುಂಚೆಯೇ ಸೂರ್ಯೋದಯ. ಜನವರಿ ಕೊನೆಯಲ್ಲಿ ಅದು 6.45 ದಾಟುತ್ತದೆ. ಅಂದರೆ ಚಳಿ ಕೊರೆಯುವ, ಸದ್ದು ಅತಿ ದೂರ ಹರಿಯುವ ಕಾಲದಲ್ಲಿ, ಆರು ಹೊಡೆದ ಕೂಡಲೇ ಹೊರಗೆ ಇನ್ನೂ ಮಬ್ಬು ಕವಿದಿರುವಾಗಲೇ ಹಾರ್ನಿನ ಮೇಲಿನ ನಿಷೇಧ ತೆರವಾಗುತ್ತದೆ, ಮಿತಿ 45ರಿಂದ 55ಕ್ಕೆ ಏರುತ್ತದೆ, ತಮಟೆಯನ್ನೂ ಬಡಿಯಬಹುದು. ರಾತ್ರಿ ಪಾಳಿಯವರ ಮಟ್ಟಿಗಂತೂ ಆ ನಿಯಮದಲ್ಲಿ ರಾತ್ರಿ ಎಂಬುದೇ ಇಲ್ಲ.