‘ಇನ್ನೊಂದ್ಸಲ ಮಾಡಿ’ ಅನ್ನಬಾರದು

ಕುಣಿಗಲ್ ಕೆರೆ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಜನಪದ ಹಾಡು. ಆ ಹಾಡು ಕೇಳಿ ಬೆಳೆದವರೇ ಕುಣಿಗಲ್ ದಾಟಿ ಹಾಸನಕ್ಕೋ ಮಂಗಳೂರಿಗೋ ಹೋಗುತ್ತಿರುತ್ತಾರೆ. ಗಾಡಿ ನಿಲ್ಲಿಸಿ ಏರಿ ಹತ್ತುವವರು ಕಡಿಮೆ. ಆ ಏರಿಯ ಮೇಲೆ, ಆ ದಡದಲ್ಲಿ ಸಾಮಾನ್ಯ ದಿನವೊಂದು ಹೇಗೆ ಕಳೆಯುತ್ತದೆ ಎಂಬುದೇ ನಾನು ತೆಗೆದ 18 ನಿಮಿಷದ ಸಾಕ್ಷ್ಯಚಿತ್ರ.

ನನ್ನೂರು ಗುಬ್ಬಿ. ತುಮಕೂರಿನಲ್ಲಿ ಮದುವೆ ವಿಡಿಯೊ ತೆಗೆಯುವುದು ಕಸುಬು. ಗುಬ್ಬಿ ಎಂದರೆ ವೀರಣ್ಣನವರ ಊರು. ‘ಕುರುಕ್ಷೇತ್ರ’ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದವರು ಅವರು. 1935ರಲ್ಲಿ ‘ಸದಾರಮೆ’, 1954ರಲ್ಲಿ ‘ಬೇಡರ ಕಣ್ಣಪ್ಪ’ ಸಿನಿಮಾಗಳಲ್ಲೂ ಅವರ ಹೆಸರಿದೆ. ಕಟ್ಟಿ, ಅಲಂಕರಿಸಿ, ಬೆಳಕು ಬಿಟ್ಟು ತೋರಿಸುವುದರಲ್ಲಿ ನಮ್ಮೂರಿಗೆ ದೊಡ್ಡ ಪರಂಪರೆಯಿದೆ, ಅದರ ಬಗ್ಗೆ ನನಗೆ ಹೆಮ್ಮೆಯೂ ಇದೆ. ಮದುವೆ ಮನೆಯಲ್ಲೂ ಅದೇ: ‘ಹಾರ ಇನ್ನೊಂದ್ಸಲ ಹಾಕಿ’, ‘ಅಕ್ಕ, ಸ್ವಲ್ಪ ಈ ಕಡೆ ನೋಡಿ’. ಸಾಕ್ಷ್ಯಚಿತ್ರದಲ್ಲಿ ಮಾತ್ರ ಈ ಮಾತು ಬಾಯಿಗೆ ಬರಬಾರದು.

ನೀರಿನ ದಡದ ಬದುಕಿಗೂ ಸಿನಿಮಾಕ್ಕೂ ಹುಟ್ಟಿನಿಂದಲೇ ನಂಟು. 1896ರ ಜುಲೈ 7ರಂದು ಮುಂಬೈಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಿತ್ರಗಳನ್ನು ತೋರಿಸಿದಾಗ, ಅವುಗಳಲ್ಲಿ ಒಂದು ಸಮುದ್ರಸ್ನಾನದ್ದು. ಒಂದು ನಿಮಿಷವೂ ಇಲ್ಲದ ಚಿತ್ರ. 1930ರಲ್ಲಿ ಫ್ರಾನ್ಸಿನ ಝಾನ್ ವಿಗೊ ಕಡಲೂರು ನೀಸ್‌ನ ಮೇಲೆ ಕಿರುಚಿತ್ರ ಮಾಡಿದ. ಬಿಸಿಲು ಕಾಯುತ್ತ ಕೂತ ಸಿರಿವಂತರು ಒಂದೆಡೆ, ಹಿಂದಿನ ಓಣಿಗಳ ಬಡವರು ಇನ್ನೊಂದೆಡೆ. ಹಲವು ದೃಶ್ಯಗಳನ್ನು ಕದ್ದುಮುಚ್ಚಿ ತೆಗೆದದ್ದು. ಚಿತ್ರ ಅದ್ಭುತ, ಆದರೆ ಆ ದಾರಿ ನನಗೆ ಒಪ್ಪಿಗೆಯಿಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಬಚ್ಚಿಟ್ಟ ಕ್ಯಾಮೆರಾ ಎಂದರೆ ಕಳ್ಳತನವೇ.

ರಾಬರ್ಟ್ ಫ್ಲಾಹರ್ಟಿಯ ‘ಮ್ಯಾನ್ ಆಫ್ ಆರನ್’ (1934) ಕಲಿಸುವ ಪಾಠ ಬೇರೆ. ಐರ್ಲೆಂಡಿನ ಆರನ್ ದ್ವೀಪದ ಜನ ಶಾರ್ಕ್ ಬೇಟೆ ಬಿಟ್ಟು ಅರ್ಧ ಶತಮಾನವೇ ಕಳೆದಿತ್ತು. ಚಿತ್ರಕ್ಕಾಗಿ ಅವರಿಗೆ ಅದನ್ನು ಹೊಸದಾಗಿ ಕಲಿಸಲಾಯಿತು; ಪರದೆಯ ಮೇಲಿನ ಸಂಸಾರವೂ ಬೇರೆ ಬೇರೆ ಮನೆಯವರನ್ನು ಸೇರಿಸಿ ಮಾಡಿದ್ದು. ಅಲೆಗಳನ್ನು ಅವನಷ್ಟು ಚೆನ್ನಾಗಿ ಹಿಡಿದವರು ಕಡಿಮೆ. ಆದರೂ ಅದನ್ನು ಆ ಊರಿನ ದಿನಚರಿ ಎಂದು ನನ್ನಿಂದ ಹೇಳಲಾಗದು.

ನಾನು ತುಮಕೂರಿನಿಂದ ಹೆಬ್ಬೂರಿನ ಮೇಲೆ ಕುಣಿಗಲ್‌ಗೆ ಹೋಗುವ ಬೆಳಗಿನ ಮೊದಲ ಬಸ್ ಹಿಡಿಯುತ್ತಿದ್ದೆ. ಶುರುವಿನಲ್ಲಿ ಕ್ಯಾಮೆರಾ ಚೀಲದಲ್ಲೇ. ಮಾತಾಡಿಸುವುದು, ಟೀ ಕುಡಿಯುವುದು, ಸುಮ್ಮನೆ ಕೂರುವುದು. ‘ಏನ್ ಸಾ, ದಿನಾ ಬತ್ತೀರಾ, ಇಲ್ಲೇನೈತೆ ತೆಗೆಯಾಕೆ?’ ಎಂದು ಹರಿಗೋಲಿನವರು ಕೇಳುತ್ತಿದ್ದರು. ಆ ಕೇಳುವುದು ನಿಂತ ಮೇಲೆ ಕ್ಯಾಮೆರಾ ಹೊರಗೆ ತೆಗೆದೆ.

ಹರಿಗೋಲು ದಡ ಮುಟ್ಟುತ್ತದೆ. ಅದರೊಳಗೆ ಮುದ್ದೆಯಾಗಿ ಬಿದ್ದ ಬಲೆ. ಮೀನುಗಾರ ಕುಕ್ಕುರುಗಾಲಲ್ಲಿ ಕೂತು, ಬಲೆಯ ಕಣ್ಣಿಗೆ ಕಿವಿರು ಸಿಕ್ಕಿಕೊಂಡ ಜಿಲೇಬಿ ಮೀನನ್ನು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿ ಬಿಡಿಸುತ್ತಾನೆ. ಹಿಂದಕ್ಕೆ ಎಳೆದರೆ ಬಲೆ ಹರಿಯುತ್ತದೆ. ಪುಟ್ಟ ಮರಿ ಸಿಕ್ಕರೆ ತಲೆ ಎತ್ತದೆ ನೀರಿಗೆ ಎಸೆಯುತ್ತಾನೆ. ಕಾಟ್ಲಾ ಸಿಕ್ಕರೆ ಮಾತ್ರ ಒಂದು ಕ್ಷಣ ಕೈಯಲ್ಲಿ ತೂಗಿ ನೋಡುತ್ತಾನೆ. ಇದನ್ನು ಕತ್ತರಿಸದೆ ಪೂರ್ತಿ ಇಟ್ಟಿದ್ದೇನೆ. ಕೆಲಸಕ್ಕೆ ಹಿಡಿಯುವ ಹೊತ್ತು ಎಷ್ಟು ಎಂಬುದು ನೋಡುವವರಿಗೂ ತಿಳಿಯಬೇಕು.

ಒಂದು ಬೆಳಿಗ್ಗೆ ಹರಿಗೋಲಿನವರ ಬಲೆಗೆ ಭಾರಿ ಮೀನು ಬಿತ್ತು, ನಾನು ಬ್ಯಾಟರಿ ಬದಲಿಸುತ್ತಿದ್ದೆ. ‘ವಾಪಸ್ ಬಿಟ್ಟು ಎತ್ತಲಾ ಸಾ?’ ಎಂದು ಅವರೇ ಕೇಳಿದರು. ಬೇಡ ಎಂದೆ. ಆ ಮೀನು ಚಿತ್ರದಲ್ಲಿಲ್ಲ; ಅದನ್ನು ತಕ್ಕಡಿಗೆ ಹಾಕುವಾಗ ಸುತ್ತ ನಿಂತವರ ಮುಖಗಳಿವೆ.

ಹೊಸಬರು ಚಿತ್ರಕ್ಕೆ ಕೊಡುವ ಗಮನದಲ್ಲಿ ಕಾಲುಭಾಗವನ್ನೂ ಶಬ್ದಕ್ಕೆ ಕೊಡುವುದಿಲ್ಲ. ಏರಿಯ ಮೇಲೆ ಗಾಳಿ ಜೋರು; ಮೈಕಿಗೆ ತುಪ್ಪಳದ ಹೊದಿಕೆ ಇಲ್ಲದಿದ್ದರೆ ಬರೀ ಗೊರಗೊರ ಸದ್ದು. ಪ್ರತಿ ಜಾಗದಲ್ಲೂ ಯಾರೂ ಮಾತಾಡದ ಎರಡು ನಿಮಿಷದ ಸದ್ದನ್ನು ಬೇರೆಯಾಗಿ ಹಿಡಿದುಕೊಳ್ಳಬೇಕು: ಬಟ್ಟೆ ಒಗೆಯುವ ಕಲ್ಲಿನ ಸದ್ದು, ತೂಬಿನ ನೀರು, ದೂರದ ಲಾರಿ. ಸಂಕಲನದಲ್ಲಿ ಎರಡು ದೃಶ್ಯ ಬೆಸೆಯುವಾಗ ಅದೇ ಗತಿ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿರಲಿ, ಕೆಲಸ ಶುರುವಾಗುವ ಮೊದಲೇ ಓಡಲಿ, ಮುಗಿದ ಮೇಲೂ ಸ್ವಲ್ಪ ಓಡಲಿ. ಕೈ ಒರೆಸಿಕೊಂಡು ನೀರಿನ ಕಡೆ ನೋಡುವ ಆ ಹೊತ್ತಿನಲ್ಲೇ ಮನುಷ್ಯ ಕಾಣುವುದು.

ಚಿತ್ರ ಮುಗಿದ ಮೇಲೆ ಅದರಲ್ಲಿರುವವರಿಗೇ ಮೊದಲು ತೋರಿಸಿದೆ. ಮೀನು ಮಾರುವ ಅಜ್ಜಿಯೊಬ್ಬರು, ‘ಸಾಲದ ಮಾತು ತೆಗೆದಾಕ್ಬಿಡಪ್ಪ, ಮಗಳ ಮನೆಯೋರು ನೋಡ್ತಾರೆ’ ಎಂದರು. ಇಡೀ ಚಿತ್ರದಲ್ಲಿ ಅತಿ ಗಟ್ಟಿಯಾದ ಮಾತು ಅದು. ತೆಗೆದುಹಾಕಿದೆ. ಒಪ್ಪಿಗೆ ಎಂದರೆ ಮೊದಲ ದಿನ ಹಾಕಿಸಿಕೊಂಡ ಸಹಿಯಷ್ಟೇ ಅಲ್ಲ, ಕೊನೆಯ ದಿನ ಬೇಡ ಎನ್ನುವ ಹಕ್ಕೂ ಅದರಲ್ಲಿ ಸೇರಿದೆ.

ನಿಮ್ಮೂರಿನಲ್ಲೂ ಕೆರೆಯೋ ಸಂತೆಯೋ ಮಂಡಿಯೋ ಇದ್ದೇ ಇರುತ್ತದೆ. ಕೈಯಲ್ಲಿರುವ ಫೋನೇ ಸಾಕು, ಮೈಕು ಮಾತ್ರ ಒಳ್ಳೆಯದು ಕೊಳ್ಳಿ. ಜಾತ್ರೆಯ ದಿನ ಬಿಡಿ, ಏನೂ ವಿಶೇಷವಿಲ್ಲದ ಒಂದು ಮಂಗಳವಾರ ಹೋಗಿ ಶುರುಮಾಡಿ.