ರೋಸ್ ಬೌಲ್: ಚಳಿಗಾಲವನ್ನೇ ಸರಕಾಗಿಸಿದ ಊರಿನ ಕಥೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪ್ಯಾಸಡೀನಾ ನಗರದಲ್ಲಿ ಹೊಸ ವರ್ಷದ ದಿನ ಕಾಲೇಜು ತಂಡಗಳ ನಡುವೆ ನಡೆಯುವ ‘ರೋಸ್ ಬೌಲ್’ ಫುಟ್‌ಬಾಲ್ ಪಂದ್ಯ ಆ ದೇಶದ ಇಂತಹ ಪಂದ್ಯಗಳಲ್ಲೆಲ್ಲ ಅತ್ಯಂತ ಹಳೆಯದು. ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮಲ್ಲಿ ಪ್ರಚಲಿತವಾಗಿರುವ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳನ್ನು ಭೇದಿಸಿಕೊಂಡು ಓಡುವ ಅಮೆರಿಕನ್ನರ ಆಟ. ವಾಣಿಜ್ಯ ಕ್ಷೇತ್ರದವರಿಗೆ ಈ ಪಂದ್ಯ ಆಸಕ್ತಿಕರವಾಗುವುದು ಆಟದ ಕಾರಣದಿಂದಲ್ಲ. ಒಂದು ಸಣ್ಣ ಊರು ತನ್ನ ಹವೆಯನ್ನೇ ಸರಕಾಗಿ ಭಾವಿಸಿ ಅದಕ್ಕೆ ಮಾರುಕಟ್ಟೆಯನ್ನು ಹುಡುಕಿಕೊಂಡ ಪ್ರಯತ್ನದ ಫಲ ಇದು.

1880ರ ದಶಕದ ಉತ್ತರಾರ್ಧದಲ್ಲಿ ರೈಲು ಮಾರ್ಗಗಳು ದಕ್ಷಿಣ ಕ್ಯಾಲಿಫೋರ್ನಿಯಾವನ್ನು ತಲುಪಿದಾಗ ಅಲ್ಲಿ ನಿವೇಶನಗಳ ಬೆಲೆ ಗಗನಕ್ಕೇರಿತು. ದಶಕ ಮುಗಿಯುವ ಮೊದಲೇ ಕುಸಿಯಿತು. ಪ್ಯಾಸಡೀನಾ ನಗರವಾಗಿ ಅಧಿಕೃತ ಮಾನ್ಯತೆ ಪಡೆದದ್ದು 1886ರಲ್ಲಿ. ಭೂಮಿಯ ವ್ಯವಹಾರ ಮಂಕಾದ ಆ ಹೊತ್ತಿನಲ್ಲಿ ಊರಿನ ಬಳಿ ಉಳಿದಿದ್ದ ನಿಜವಾದ ಆಸ್ತಿಯೆಂದರೆ ಚಳಿಗಾಲದ ಬಿಸಿಲು ಮತ್ತು ಕಿತ್ತಳೆ ತೋಟಗಳು. ಪೂರ್ವದ ರಾಜ್ಯಗಳು ಹಿಮದಡಿಯಲ್ಲಿ ಹೂತಿರುವಾಗ ತಮ್ಮಲ್ಲಿ ಗುಲಾಬಿ ಅರಳಿರುತ್ತದೆ ಎಂಬುದನ್ನು ದೇಶಕ್ಕೆ ತೋರಿಸಬೇಕೆಂದು ‘ವ್ಯಾಲಿ ಹಂಟ್ ಕ್ಲಬ್’ ಎಂಬ ಸಂಘದಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಸಲಹೆಯಿತ್ತರು. ಅದರಂತೆ 1890ರ ಜನವರಿ 1ರಂದು ಸದಸ್ಯರು ತಮ್ಮ ಕುದುರೆ ಗಾಡಿಗಳಿಗೆ ಹೂವು ಕಟ್ಟಿ ಮೆರವಣಿಗೆ ಹೊರಟರು. ಉತ್ಸವ ಬೆಳೆದು ಕ್ಲಬ್ಬಿನ ಕೈಮೀರಿದಾಗ, 1895ರಲ್ಲಿ ಅದರ ನಿರ್ವಹಣೆಗಾಗಿಯೇ ‘ಟೂರ್ನಮೆಂಟ್ ಆಫ್ ರೋಸಸ್’ ಸಂಸ್ಥೆ ಸ್ಥಾಪನೆಯಾಯಿತು. ಲಾಭದ ಉದ್ದೇಶವಿಲ್ಲದ ಈ ಸಂಸ್ಥೆಯ ಕೆಲಸವನ್ನು ಇಂದಿಗೂ ಮುಖ್ಯವಾಗಿ ನಡೆಸುವವರು ಬಿಳಿ ಸೂಟು ತೊಟ್ಟ ಸ್ವಯಂಸೇವಕರು.

ಮೆರವಣಿಗೆಗೆ ಖರ್ಚಿತ್ತೇ ಹೊರತು ಟಿಕೆಟ್ ಇರಲಿಲ್ಲ. ಆ ಖರ್ಚನ್ನು ಭರಿಸಲೆಂದೇ 1902ರಲ್ಲಿ ಫುಟ್‌ಬಾಲ್ ಪಂದ್ಯವನ್ನು ಸೇರಿಸಲಾಯಿತು. ಪೂರ್ವ ಮತ್ತು ಪಶ್ಚಿಮಗಳ ಸೆಣಸಾಟವೆಂದು ಪ್ರಚಾರ ಪಡೆದ ಈ ಪಂದ್ಯದಲ್ಲಿ ಮಿಷಿಗನ್ ತಂಡ ಸ್ಟ್ಯಾನ್‌ಫರ್ಡ್ ತಂಡವನ್ನು 49–0 ಅಂತರದಿಂದ ಸದೆಬಡಿಯಿತು. ಇನ್ನೂ 8 ನಿಮಿಷಗಳ ಆಟ ಬಾಕಿಯಿರುವಾಗಲೇ ಸ್ಟ್ಯಾನ್‌ಫರ್ಡ್ ಕೈಚೆಲ್ಲಿತು. ಮಿಷಿಗನ್ನಿನ ತರಬೇತುದಾರ ಫೀಲ್ಡಿಂಗ್ ಯೋಸ್ಟ್ ಹಿಂದಿನ ಋತುವಿನಲ್ಲಷ್ಟೇ ಸ್ಟ್ಯಾನ್‌ಫರ್ಡಿನಲ್ಲಿದ್ದವರು ಎಂಬುದು ಸೋತವರ ಗಾಯಕ್ಕೆ ಉಪ್ಪು ಸವರಿದಂತಿತ್ತು. ಪಶ್ಚಿಮದ ಮಾನ ಕಳೆಯುವ ಪಂದ್ಯ ಪಶ್ಚಿಮದ ಊರಿಗೆ ಜಾಹೀರಾತಾಗುವುದು ಹೇಗೆ? ಸಂಘಟಕರು ಮರುವರ್ಷ ಪೋಲೋ ಆಡಿಸಿದರು. 1904ರಿಂದ ರೋಮನ್ನರ ಮಾದರಿಯ ರಥಸ್ಪರ್ಧೆಗಳನ್ನು ಏರ್ಪಡಿಸಿದರು. ಉಷ್ಟ್ರಪಕ್ಷಿಗಳ ಓಟವೂ ನಡೆಯಿತು. ಆನೆಗೂ ಒಂಟೆಗೂ ಪಂದ್ಯ ಕಟ್ಟಿದ್ದೂ ಉಂಟು. ಗೆದ್ದದ್ದು ಆನೆ.

ಫುಟ್‌ಬಾಲ್ ಮರಳಿ ಬಂದದ್ದು 1916ರಲ್ಲಿ. ಅಂದು ಮಳೆ ಸುರಿದು ಸಂಘಟಕರಿಗೆ ನಷ್ಟವಾದರೂ ವಾಷಿಂಗ್ಟನ್ ಸ್ಟೇಟ್ ತಂಡ ಪೂರ್ವದ ಬ್ರೌನ್ ವಿಶ್ವವಿದ್ಯಾಲಯವನ್ನು 14–0 ಅಂತರದಿಂದ ಮಣಿಸಿತು. ನಷ್ಟದ ನಡುವೆಯೂ ಪಂದ್ಯವನ್ನು ಈ ಬಾರಿ ಕೈಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ ಹಳೆಯ ಮೈದಾನ ಜನರಿಗೆ ಸಾಲದಾಯಿತು. ವಾಸ್ತುಶಿಲ್ಪಿ ಮೈರನ್ ಹಂಟ್ ರೂಪಿಸಿದ ಸುಮಾರು 57,000 ಆಸನಗಳ ಕ್ರೀಡಾಂಗಣ 2,72,198 ಡಾಲರ್ ವೆಚ್ಚದಲ್ಲಿ 1922ರಲ್ಲಿ ಸಿದ್ಧವಾಯಿತು. ಸ್ಥಳೀಯ ಪತ್ರಕರ್ತ ಹಾರ್ಲನ್ ಹಾಲ್ ಅದಕ್ಕೆ ‘ರೋಸ್ ಬೌಲ್’ ಎಂಬ ಹೆಸರನ್ನು ಸೂಚಿಸಿದರು. ಬಟ್ಟಲಿನಾಕಾರದ ಕಟ್ಟಡಕ್ಕೆ ಬಂದ ಹೆಸರು ಪಂದ್ಯಕ್ಕೂ ಅಂಟಿತು. ಮುಂದೆ ಆ ಜಾತಿಯ ಪಂದ್ಯಗಳೆಲ್ಲ ‘ಬೌಲ್’ ಎಂದೇ ಕರೆಸಿಕೊಂಡವು. 1923ರಲ್ಲಿ ಅಲ್ಲಿ ನಡೆದ ಮೊದಲ ಹೊಸ ವರ್ಷದ ಪಂದ್ಯಕ್ಕೆ ಪೆನ್ ಸ್ಟೇಟ್ ತಂಡ ವಾಹನಗಳ ದಟ್ಟಣೆಯಲ್ಲಿ ಸಿಲುಕಿ ತಡವಾಗಿ ಬಂದಿತು. ಆಟ ಮುಗಿಯುವಾಗ ಬೆಳದಿಂಗಳಿತ್ತು.

ಪ್ಯಾಸಡೀನಾದ ಯಶಸ್ಸನ್ನು ಕಂಡ ಇತರ ಬೆಚ್ಚನೆಯ ಊರುಗಳು ಸುಮ್ಮನಿರಲಿಲ್ಲ. 1935ರಲ್ಲಿ ಮಯಾಮಿಯ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸಿನ ಶುಗರ್ ಬೌಲ್, ಎಲ್ ಪಾಸೊ ನಗರದ ಸನ್ ಬೌಲ್ ಆರಂಭಗೊಂಡವು. 1937ರಲ್ಲಿ ತೈಲೋದ್ಯಮಿ ಕರ್ಟಿಸ್ ಸ್ಯಾನ್‌ಫರ್ಡ್ ಸ್ವಂತ ಹಣ ಹಾಕಿ ಡಾಲಸಿನಲ್ಲಿ ಕಾಟನ್ ಬೌಲ್ ನಡೆಸಿದರು. ಕಿತ್ತಳೆ, ಸಕ್ಕರೆ, ಬಿಸಿಲು, ಹತ್ತಿ: ಆಯಾ ಸೀಮೆಯ ಹಿರಿಮೆಯೇ ಪಂದ್ಯದ ಹೆಸರಾಗಿತ್ತು.

ಐವತ್ತು ವರ್ಷಗಳ ನಂತರ ಈ ಹೆಸರುಗಳೇ ಮಾರಾಟಕ್ಕೆ ಬಂದವು. 1989ರಿಂದ ಕೆಲವು ವರ್ಷ ಸನ್ ಬೌಲ್ ತನ್ನ ಹಳೆಯ ಹೆಸರನ್ನು ಪೂರ್ತಿ ಬಿಟ್ಟು ‘ಜಾನ್ ಹ್ಯಾನ್‌ಕಾಕ್’ ವಿಮಾ ಕಂಪನಿಯ ಹೆಸರನ್ನೇ ಹೊತ್ತಿತು. ಲೂಸಿಯಾನದ ಇಂಡಿಪೆಂಡೆನ್ಸ್ ಬೌಲ್ 1990ರಲ್ಲಿ ಕಳೆ ಕತ್ತರಿಸುವ ಯಂತ್ರವೊಂದರ ಹೆಸರನ್ನು ಮುಂದಿಟ್ಟುಕೊಂಡು ನಗೆಪಾಟಲಿಗೀಡಾಯಿತು. ಅಟ್ಲಾಂಟದ ಪೀಚ್ ಬೌಲ್ 2006ರಲ್ಲಿ ಕೋಳಿ ಖಾದ್ಯದ ಕಂಪನಿಯ ಹೆಸರಿಗಾಗಿ ‘ಪೀಚ್’ ಪದವನ್ನೇ ತೊರೆದು, 2014ರಲ್ಲಿ ಅದನ್ನು ಮರಳಿ ಸೇರಿಸಿಕೊಂಡಿತು. ರೋಸ್ ಬೌಲ್ ಮಾತ್ರ 1999ರವರೆಗೆ ಪ್ರಾಯೋಜಕರನ್ನೇ ಸೇರಿಸಲಿಲ್ಲ. ಸೇರಿಸಿದ ಮೇಲೂ ಕಂಪನಿಯ ಹೆಸರಿಗೆ ಪಂದ್ಯದ ಹೆಸರಿನ ಹಿಂದೆಯೇ ಸ್ಥಾನ. ಎಟಿ ಅಂಡ್ ಟಿ, ಸಿಟಿ, ವಿಜಿಯೊ ಮುಂತಾದ ಕಂಪನಿಗಳು ಬಂದು ಹೋದರೂ ಈ ಕ್ರಮ ಬದಲಾಗಲಿಲ್ಲ. ಇದನ್ನು ಬರಿಯ ಹಟವೆಂದು ತಳ್ಳಿಹಾಕುವಂತಿಲ್ಲ. ಪ್ರಾಯೋಜಕನು ಹಣ ಕೊಡುವುದೇ ಆ ಹೆಸರಿನ ನೆರಳಿಗಾಗಿ. ಹೆಸರು ಅಳಿದರೆ ಅವನಿಗೂ ಕೊಳ್ಳಲು ಏನೂ ಉಳಿಯುವುದಿಲ್ಲ.

ಆ ಹೆಸರು ಯಾರದೆಂಬ ಪ್ರಶ್ನೆ ಎದ್ದದ್ದು 2021ರಲ್ಲಿ. ಕ್ರೀಡಾಂಗಣ ನಗರದ ಸ್ವತ್ತು, ಪಂದ್ಯ ಸಂಸ್ಥೆಯದು. 1942ರಲ್ಲಿ ಪರ್ಲ್ ಹಾರ್ಬರ್ ದಾಳಿಯ ಬೆನ್ನಿಗೆ ಪಂದ್ಯವನ್ನು ಉತ್ತರ ಕ್ಯಾರೊಲೈನಾದ ಡರ್ಹಮ್‌ಗೆ ಒಯ್ದಾಗ ಅದು ರೋಸ್ ಬೌಲ್ ಆಗಿಯೇ ನಡೆದಿತ್ತು. ಕೋವಿಡ್ ನಿರ್ಬಂಧಗಳಿಂದಾಗಿ 2021ರಲ್ಲಿ ಟೆಕ್ಸಸ್‌ಗೆ ಸ್ಥಳಾಂತರಿಸಬೇಕಾದಾಗ, ಬೇರೆಡೆ ಆ ಹೆಸರನ್ನು ಬಳಸಲು ನಗರಾಡಳಿತದ ಒಪ್ಪಿಗೆ ಬೇಕಾಯಿತು. ಒಪ್ಪಿಗೆ ಸಿಕ್ಕಿ ಪಂದ್ಯ ಮುಗಿದ ಮೇಲೂ ಮನಸ್ತಾಪ ಉಳಿದು, ಫೆಬ್ರುವರಿಯಲ್ಲಿ ಸಂಸ್ಥೆಯು ನಗರದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತು. ಶತಮಾನ ಕಾಲ ಜೊತೆಗೂಡಿ ದುಡಿದ ಪಾಲುದಾರರು ವ್ಯಾಪಾರ ಚಿಹ್ನೆಯ ಹಕ್ಕಿಗಾಗಿ ಎದುರುಬದುರಾದರು.

ಈ ದೀರ್ಘ ಕಾಲದಲ್ಲಿ ಆಟಗಾರರಿಗೆ ದಕ್ಕಿದ್ದು ಮುಖ್ಯವಾಗಿ ವಿದ್ಯಾರ್ಥಿವೇತನ. ತಮ್ಮ ಹೆಸರು ಮತ್ತು ಚಿತ್ರದ ಬಳಕೆಗೆ ಹಣ ಪಡೆಯುವ ಹಕ್ಕು ಅವರಿಗೆ ಬಂದದ್ದು 2021ರ ಜುಲೈನಲ್ಲಿ. ವಿಶ್ವವಿದ್ಯಾಲಯಗಳು ತಮ್ಮ ಆದಾಯದಲ್ಲಿ ನೇರವಾಗಿ ಪಾಲು ಕೊಡಲು ಅವಕಾಶವಾದದ್ದು 2025ರಲ್ಲಿ.

ದೂರದರ್ಶನದ ಹಣ ಪಂದ್ಯದ ಒಳಹುರುಳನ್ನೂ ಬದಲಿಸಿದೆ. 1947ರಿಂದ ಮಧ್ಯಪಶ್ಚಿಮದ ಲೀಗ್‌ನ ತಂಡವೊಂದು ಪೆಸಿಫಿಕ್ ಕರಾವಳಿಯ ಲೀಗ್‌ನ ತಂಡವನ್ನು ಎದುರಿಸುವ ಒಪ್ಪಂದವಿತ್ತು. ಪ್ರಸಾರ ಹಕ್ಕಿನ ಹೆಚ್ಚಿನ ಆದಾಯವನ್ನು ಅರಸಿ 2024ರಲ್ಲಿ ಪೆಸಿಫಿಕ್ ಲೀಗ್‌ನ ಹನ್ನೆರಡು ವಿಶ್ವವಿದ್ಯಾಲಯಗಳ ಪೈಕಿ ಹತ್ತು ಹೊರನಡೆದವು. ನಾಲ್ಕು ಮಧ್ಯಪಶ್ಚಿಮದ ‘ಬಿಗ್ ಟೆನ್’ ಲೀಗನ್ನೇ ಸೇರಿದವು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಕ್ವಾರ್ಟರ್ ಫೈನಲ್ ಆಗಿ 2025ರ ಜನವರಿ 1ರಂದು ನಡೆದ ರೋಸ್ ಬೌಲ್‌ನಲ್ಲಿ ಓಹಾಯೊ ಸ್ಟೇಟ್ ತಂಡ ಪೆಸಿಫಿಕ್ ಕರಾವಳಿಯ ಆರೆಗನ್ ತಂಡವನ್ನು 41–21ರಿಂದ ಸೋಲಿಸಿತು. ಎರಡೂ ಬಿಗ್ ಟೆನ್ ತಂಡಗಳೇ.