ಆಯವ್ಯಯದಲ್ಲಿ ಕಮಲಾಪುರದ ಪಾಲು

2025ರ ಮೇ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿದ ಬಳಿಕ ಕಮಲಾಪುರ ಕಡೆಯ ತಂದೆಯೊಬ್ಬರು ಮಗಳ ಅಂಕಪಟ್ಟಿ ಹಿಡಿದು ಬಂದರು. ಗಣಿತವೊಂದರಲ್ಲೇ ಅನುತ್ತೀರ್ಣ. "ಫಾದರ್, ನಮ್ಮ ಶಾಲಿಗಿ ಹೊಸ ಖೋಲಿ ಆಗ್ಯಾವ್ರಿ. ಆದ್ರ ಗಣಿತಕ್ಕ ಮಾಸ್ತರೇ ಇಲ್ರಿ" ಎಂದರು. ಆ ವರ್ಷದ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ 91.12 ಫಲಿತಾಂಶದೊಡನೆ ಮೊದಲ ಸ್ಥಾನದಲ್ಲಿತ್ತು. ನಮ್ಮ ಕಲಬುರಗಿ ಶೇಕಡಾ 42.43ರೊಡನೆ ಕಟ್ಟಕಡೆಯದಾಗಿತ್ತು. ಕರಾವಳಿಯಲ್ಲಿ ದೇವಾಲಯದ ಮಗ್ಗುಲಲ್ಲೇ ಶಾಲೆ ಎದ್ದು ಹಲವು ತಲೆಮಾರುಗಳಾದವು. ನಮ್ಮ ಗುಲ್ಬರ್ಗ ಧರ್ಮಕ್ಷೇತ್ರ ಸ್ಥಾಪನೆಯಾದದ್ದೇ 2005ರಲ್ಲಿ. ಹೀಗೆ ಸಮಾಧಾನ ಹೇಳಿಕೊಳ್ಳಬಹುದು, ಆದರೆ ಆ ಹುಡುಗಿಗೆ ಅದರಿಂದ ಬಂದದ್ದೇನು?

ಹಣವಿಲ್ಲವೆಂದು ಈಗ ಹೇಳುವಂತಿಲ್ಲ. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ದೊರೆಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25 ಮತ್ತು 2025-26ರ ಆಯವ್ಯಯಗಳಲ್ಲಿ ತಲಾ 5,000 ಕೋಟಿ ರೂಪಾಯಿ ಘೋಷಣೆಯಾಯಿತು. 2023ರಲ್ಲಿ ಮಂಡಳಿಯ ಅಧ್ಯಕ್ಷರಾದ ಜೇವರ್ಗಿ ಶಾಸಕ ಡಾ. ಅಜಯ್ ಸಿಂಗ್ ಅವರು ಶಿಕ್ಷಣವನ್ನೇ ಆದ್ಯತೆಯೆಂದು ಸಾರಿ, 'ಅಕ್ಷರ ಆವಿಷ್ಕಾರ' ಎಂಬ ಹೆಸರಿನಲ್ಲಿ ನಿಧಿಯ ದೊಡ್ಡ ಪಾಲನ್ನು ಶಾಲೆಗಳತ್ತ ತಿರುಗಿಸಿದರು. ರಸ್ತೆ, ಸೇತುವೆಗಳೇ ಅಭಿವೃದ್ಧಿಯೆನಿಸಿಕೊಂಡ ನಾಡಿನಲ್ಲಿ ಶಾಸಕರೊಬ್ಬರು ಶಾಲೆಯನ್ನು ಮುಂದಿಟ್ಟದ್ದನ್ನು ಮೆಚ್ಚಲೇಬೇಕು.

ಹಾಗಾದರೆ ಮಾಸ್ತರರೇಕೆ ಬರಲಿಲ್ಲ? ಮಂಡಳಿಯ ಹಣ ಬಹುಮಟ್ಟಿಗೆ ಕಾಮಗಾರಿಯ ಹಣ. ಕೊಠಡಿ ಒಮ್ಮೆ ಕಟ್ಟಿದರೆ ಮುಗಿಯಿತು. ಶಿಕ್ಷಕರ ಸಂಬಳ ಮೂವತ್ತು ವರ್ಷಗಳ ಹೊರೆ. ಅದು ಇಲಾಖೆಯ ಲೆಕ್ಕದಿಂದ ಬರಬೇಕು, ಹುದ್ದೆಗೆ ಹಣಕಾಸು ಇಲಾಖೆ ಒಪ್ಪಬೇಕು. 2025-26ರ ಆಯವ್ಯಯದಲ್ಲಿ ಶಿಕ್ಷಣಕ್ಕೆ 45,286 ಕೋಟಿ ರೂಪಾಯಿ ಇಡಲಾಯಿತು. ಅದರಲ್ಲಿ ಸಂಬಳದ್ದೇ ಸಿಂಹಪಾಲು. 2022ರಲ್ಲಿ ಕರೆದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಲ್ಲಿ 5,000 ನಮ್ಮ ಭಾಗಕ್ಕೆ ಮೀಸಲಾಗಿದ್ದವು. ಆದರೆ ಆಯ್ಕೆಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿ ಶಿಕ್ಷಕರು ಶಾಲೆ ಸೇರುವುದು ತಡವಾಯಿತು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಕೊಠಡಿಗೆ ಭೂಮಿಪೂಜೆಯುಂಟು, ಉದ್ಘಾಟನೆಯುಂಟು, ಹೆಸರಿನ ಶಿಲಾಫಲಕವುಂಟು. ಗಣಿತದ ಮಾಸ್ತರು ಹಾಜರಾದ ದಿನ ಯಾರೂ ಟೇಪು ಕತ್ತರಿಸುವುದಿಲ್ಲ.

ಹಂಚಿಕೆಯ ನ್ಯಾಯವೆಂದರೆ ಎಲ್ಲರಿಗೂ ಒಂದೇ ಅಳತೆಯಲ್ಲವೆಂದು ಅರಿಸ್ಟಾಟಲನನ್ನು ಅನುಸರಿಸಿ ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಅದು ಪ್ರಮಾಣವನ್ನು ನೋಡುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಮಾಡಿದ ಕೆಲಸವೂ ಅದೇ. 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಬೇರ್ಪಡಿಸಿತು. ಆ 39ರಲ್ಲಿ 21 ನಮ್ಮ ವಿಭಾಗದವು. ಆದರೆ ಆಗ ಕಮಲಾಪುರ ತಾಲ್ಲೂಕೇ ಆಗಿರಲಿಲ್ಲ, ಗುಲ್ಬರ್ಗ ತಾಲ್ಲೂಕಿನೊಳಗಿತ್ತು. ಕಾಲೇಜು, ವಿಶ್ವವಿದ್ಯಾಲಯಗಳ ನಗರವೂ ಕೆಂಪು ಬಾಳೆಯ ಈ ಹಳ್ಳಿಗಾಡೂ ಒಂದೇ ಸರಾಸರಿಯಲ್ಲಿ ಸೇರಿಹೋದವು. ಹುಮನಾಬಾದ್ ಮಾರ್ಗದಲ್ಲಿ ಬಸ್ಸೇರಿದರೆ ಒಂದು ತಾಸಿನೊಳಗೆ ಈ ಸರಾಸರಿಯ ಸುಳ್ಳು ಕಣ್ಣಿಗೆ ಬೀಳುತ್ತದೆ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಶಿಕ್ಷಣ ಘೋಷಣೆಯಲ್ಲಿ, ತಂದೆತಾಯಿಯರು ಶಾಲೆಯನ್ನು ನಿಜವಾಗಿ ಆರಿಸಿಕೊಳ್ಳಲಾಗುವಂತೆ ಸರಕಾರಿ ನೆರವನ್ನು ಹಂಚಬೇಕೆಂದು ಹೇಳಿತು. ಇದನ್ನು ನಾವು ಸಾಮಾನ್ಯವಾಗಿ ನಮ್ಮ ಶಾಲೆಗಳ ಅನುದಾನಕ್ಕಾಗಿ ಮಾತ್ರ ನೆನೆಯುತ್ತೇವೆ. 1995ರ ನಂತರ ತೆರೆದ ಕನ್ನಡ ಶಾಲೆಗಳನ್ನು ಅನುದಾನಕ್ಕೆ ಸೇರಿಸಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ನಮ್ಮ ಕೂಲಿಕಾರ ಕುಟುಂಬಗಳ ಮಕ್ಕಳು ಓದುವುದು ಹೆಚ್ಚಾಗಿ ಸರಕಾರಿ ಶಾಲೆಯಲ್ಲಿ. ಅಲ್ಲಿ ಮಾಸ್ತರರಿಲ್ಲದಿದ್ದರೆ ಆಯ್ಕೆಯೆಂಬ ಮಾತಿಗೆ ಅರ್ಥವೇ ಇಲ್ಲ. ಆ ಬೇಡಿಕೆಯನ್ನು ನಮ್ಮದಲ್ಲವೆಂದು ಬಿಟ್ಟದ್ದು ನಮ್ಮ ತಪ್ಪು; ಗುರುಗಳಾದ ನಮ್ಮದೂ ಸೇರಿ.

ಕೇಳುವುದಕ್ಕೂ ಕಾಲವುಂಟು. ಸಂವಿಧಾನದ 203ನೇ ವಿಧಿಯಂತೆ ವಿಧಾನಸಭೆಯು ಮುಂದಿಟ್ಟ ಬೇಡಿಕೆಯನ್ನು ಒಪ್ಪಬಹುದು, ನಿರಾಕರಿಸಬಹುದು, ಮೊತ್ತವನ್ನು ತಗ್ಗಿಸಬಹುದು, ಹೆಚ್ಚಿಸುವಂತಿಲ್ಲ. ಮುಖ್ಯಮಂತ್ರಿಗಳು ಆಯವ್ಯಯ ಓದಿದ ಮೇಲೆ ಶಾಸಕರ ಮನೆಗೆ ಹಾರ ಹಿಡಿದು ಹೋದರೆ ಫಲ ಅಲ್ಪ. ನಿಜವಾದ ಚೌಕಾಶಿ ಅದಕ್ಕೂ ಮುಂಚೆ, ಇಲಾಖೆಗಳು ಅಂದಾಜು ಸಿದ್ಧಪಡಿಸುವ ಚಳಿಗಾಲದ ತಿಂಗಳುಗಳಲ್ಲಿ, ಮಂಡಳಿಯ ಕ್ರಿಯಾಯೋಜನೆ ಬರೆಯುವಾಗ ನಡೆಯುತ್ತದೆ. ಆಗ ಯಾವ ಶಾಲೆ, ಯಾವ ವಿಷಯ, ಎಷ್ಟು ತಿಂಗಳಿಂದ ಖಾಲಿ ಎಂಬ ಪಟ್ಟಿ ಶಾಸಕರ ಕೈಯಲ್ಲಿದ್ದರೆ ಅವರಿಗೂ ವಾದಿಸಲು ಬಲ ಬರುತ್ತದೆ.

ಆ ತಂದೆಯೂ ಇನ್ನು ನಾಲ್ಕು ಮನೆಯವರೂ ಕೂಡಿ ಅಂಥದೊಂದು ಪಟ್ಟಿ ಬರೆಯತೊಡಗಿದ್ದಾರೆ. ಅಕ್ಕಪಕ್ಕದ ಲಿಂಗಾಯತ, ಮುಸಲ್ಮಾನ, ದಲಿತ ಕುಟುಂಬಗಳೂ ಸಹಿ ಹಾಕಿವೆ. ಹುಡುಗಿ ಕನ್ಯಾಸ್ತ್ರೀಯೊಬ್ಬರ ಬಳಿ ಸಂಜೆ ಪಾಠ ಹೇಳಿಸಿಕೊಂಡು ಎರಡನೆಯ ಪರೀಕ್ಷೆಯಲ್ಲಿ ಗಣಿತ ದಾಟಿದಳು. ಪಟ್ಟಿಯ ಮೊದಲ ಸಾಲು ಅವಳ ಕೈಬರಹದ್ದು.